ಮಣ್ಣಡಿಯ ಪೈಪು ಲೀಕ್ ಆಗ್ತಾ ಉಂಟಾ? ಅಗೆಯುವ ಮೊದಲು ಪ್ರೆಶರ್ ಗೇಜು ಹಾಕಿ

ಪೈಪು ಲೀಕು ಅಂತ ಗೊತ್ತಾದ ಕೂಡ್ಲೆ ನಮ್ಮ ಕಡೆ ಮೊದಲು ಹೊರಗೆ ಬರುದು ಪಿಕ್ಕಾಸು. ಎಲ್ಲಿ ಮಣ್ಣು ಚಂಡಿ (ಒದ್ದೆ) ಕಾಣ್ತದೋ ಅಲ್ಲಿ ಅಗೆದು ನೋಡುದು, ಅಲ್ಲಿ ಪೈಪು ಸರಿ ಇದ್ರೆ ಇನ್ನೆರಡು ಕೋಲು ಆಚೆ ಅಗೆಯುದು, ಹಾಗೇ ಮುಂದೆ ಮುಂದೆ ಹೋಗಿ ಕೊನೆಗೆ ಪಿಕ್ಕಾಸಿನ ಮೊನೆಯೇ ಪೈಪಿಗೆ ತಾಗಿ ಒಂದಿದ್ದದ್ದು ಎರಡು ಲೀಕು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯ ಗುಡ್ಡದ ತೋಟದಲ್ಲಿ ಈ ಕ್ರಮ ಯಾಕೆ ಆಗುದಿಲ್ಲ ಅಂದ್ರೆ ನಮ್ಮದು ಮುರಕಲ್ಲು ನೆಲ ಮಾರಾಯ್ರೆ, ಮೇಲಿನ ಕಲ್ಲಿನ ತುಂಬ ತೂತು, ಅದರ ಅಡಿಯಲ್ಲಿ ಬಿಳಿ ಬಿಳಿ ಶೇಡಿ ಮಣ್ಣು. ಪೈಪಿಂದ ಹೊರಬಿದ್ದ ನೀರು ಕಲ್ಲಿನ ತೂತಲ್ಲಿ ಸೀದಾ ಕೆಳಗೆ ಇಳಿದು, ಶೇಡಿ ಸಿಕ್ಕಿದ ಮೇಲೆ ಅಡ್ಡ ಹರಿದು, ಎಲ್ಲೋ ಕೆಳಗಿನ ಬರೆಯಲ್ಲಿ (ಕಡಿದ ಮಣ್ಣಿನ ಗೋಡೆಯಲ್ಲಿ) ಇಲ್ಲಾ ಕಣಿಯಲ್ಲಿ (ತೋಟದ ನೀರು ಹೋಗುವ ಕಾಲುವೆಯಲ್ಲಿ) ಹೊರಗೆ ಬರ್ತದೆ. ಅದಲ್ಲದೆ ಪೈಪು ಹಾಕ್ಲಿಕ್ಕೆ ತೆಗ್ದ ಚರಂಡಿ ಉಂಟಲ್ಲ, ಅದ್ರಲ್ಲಿ ತುಂಬಿಸಿದ ಮಣ್ಣು ಅಕ್ಕಪಕ್ಕದ ಕಲ್ಲಿಗಿಂತ ಸಡಿಲ, ನೀರು ಆ ಚರಂಡಿ ಹಿಡ್ಕೊಂಡೇ ಎಷ್ಟೋ ದೂರ ಹೋಗ್ತದೆ. ಚಂಡಿ ಕಂಡ ಜಾಗಕ್ಕೂ ತೂತಿಗೂ 50 ಅಡಿ ವ್ಯತ್ಯಾಸ ಇದ್ರೆ ಅದೇನು ದೊಡ್ಡ ಸಂಗತಿ ಅಲ್ಲ.

ಸಣ್ಣ ಲೀಕು ತಾನೇ, ಮಳೆ ಬಂದ ಮೇಲೆ ನೋಡುವ ಅಂತ ಬಿಡುವವರಿಗೆ ಒಂದು ಲೆಕ್ಕ. 3 ಮಿಲಿಮೀಟರ್ ತೂತು, ಅಂದ್ರೆ ಒಂದು ಮೊಳೆ ಹೋಗುವಷ್ಟು, ಪೈಪಲ್ಲಿ 3 ಕೆ.ಜಿ. ಪ್ರೆಶರ್ (ಚದರ ಸೆಂಟಿಮೀಟರಿಗೆ 3 ಕೆ.ಜಿ.) ಇದ್ರೆ ಗಂಟೆಗೆ ಸುಮಾರು 350 ಲೀಟರ್ ಹೊರಗೆ ಹೋಗ್ತದೆ, ಇಡೀ ದಿನ ಪ್ರೆಶರ್ ಇರುವ ಲೈನಾದ್ರೆ 8 ಸಾವಿರ ಲೀಟರ್ ದಾಟ್ತದೆ. ಡ್ರಿಪ್ಪಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅಂತ ಲೆಕ್ಕ ಇರುವಾಗ, 400 ಮರದ ನೀರು ಆ ಮೊಳೆ ತೂತಲ್ಲಿ ಹೋಯ್ತು. ಎಪ್ರಿಲ್‌ನಲ್ಲಿ ಕೆರೆ ತಳ ಕಾಣುವ ಹೊತ್ತಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲು ಲೀಕು ಹೌದಾ ಅಂತ ಖಾತ್ರಿ ಮಾಡಿ

ಟ್ಯಾಂಕ್ ಬೆಳಿಗ್ಗೆ ನೋಡುವಾಗ ಖಾಲಿಯಾದ ಮಾತ್ರಕ್ಕೆ ಪೈಪಲ್ಲೇ ಲೀಕು ಅಂತ ಇಲ್ಲ. ಟ್ಯಾಂಕಿನ ಔಟ್‌ಲೆಟ್ ವಾಲ್ವ್ ಬಂದ್ ಮಾಡಿ, ಒಳಗಿನ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಗೆರೆಯಿಂದ ಕೆಳಗೆ ಹೋಗಿದ್ರೆ ಟ್ಯಾಂಕೇ ಒಸರುದು ಇಲ್ಲಾ ವಾಲ್ವ್ ಪೂರ್ತಿ ಕೂರುದಿಲ್ಲ, ಮೊದಲು ಅದನ್ನು ಸರಿ ಮಾಡಿ, ಮಣ್ಣು ಅಗೆಯುದು ಆಮೇಲಿನ ಮಾತು. ಮಟ್ಟ ಹಾಗೇ ಉಂಟಾ, ಈಗ ಔಟ್‌ಲೆಟ್ ತೆಗ್ದು, ಕೆಳಗಿನ ಜೆಟ್ಟಿನ (ಸ್ಪ್ರಿಂಕ್ಲರಿನ) ವಾಲ್ವ್ ನಳ್ಳಿ ಎಲ್ಲ ಬಂದ್ ಮಾಡಿ ಇನ್ನೊಂದು ರಾತ್ರಿ ನೋಡಿ. 3 ಮೀಟರ್ ಉದ್ದ 2 ಮೀಟರ್ ಅಗಲದ ಟ್ಯಾಂಕಲ್ಲಿ 1 ಸೆಂಟಿಮೀಟರ್ ಇಳಿದ್ರೆ 60 ಲೀಟರ್ ಹೋಯ್ತು ಅಂತ ಅರ್ಥ, ನಿಮ್ಮ ಟ್ಯಾಂಕಿಗೆ ಹೀಗೇ ಲೆಕ್ಕ ಹಾಕಿದ್ರೆ ಲೀಕು ಹನಿ ಹನಿಯಾ ಧಾರೆಯಾ ಅಂತ ಅಗೆಯುವ ಮೊದಲೇ ಗೊತ್ತಾಗ್ತದೆ. ಸಿಮೆಂಟ್ ಟ್ಯಾಂಕ್ ಬಿಸಿಲಿಗೆ ತೆರೆದಿದ್ರೆ ಹಗಲು ಸ್ವಲ್ಪ ಆವಿಯಾಗಿಯೂ ಹೋಗ್ತದೆ, ಅದಕ್ಕೇ ರಾತ್ರಿ ನೋಡಿ ಅಂದದ್ದು.

ಪಂಚಾಯ್ತಿ ಲೈನಿನ ಅಥವಾ ವಾಟರ್ ಅಥಾರಿಟಿಯ ಕನೆಕ್ಷನ್ ಇರುವ ಮನೆಯವರಿಗೆ ಕೆಲಸ ಇನ್ನೂ ಸುಲಭ. ಮನೆಯ ಎಲ್ಲ ನಳ್ಳಿ ಬಂದ್ ಮಾಡಿ, ಫ್ಲಶ್ ಟ್ಯಾಂಕ್ ತುಂಬಿ ನಿಂತದ್ದನ್ನೂ ನೋಡಿ, ಮೀಟರಿನ ಮುಖದಲ್ಲಿ ಇರುವ ಸಣ್ಣ ಚಕ್ರ ತಿರುಗ್ತದಾ ಅಂತ ಗಮನಿಸಿ. ತಿರುಗಿದ್ರೆ ಮೀಟರಿಂದ ಈಚೆ ಲೀಕು ಉಂಟು. ತಿರುಗದೆ ಜಾಲಿನ ಹೊರಗೆ ಚಂಡಿ ಕಂಡ್ರೆ ಅದು ಮೀಟರಿಂದ ಆಚೆಯದ್ದು, ನೀವು ಅಗೆಯಬೇಡಿ, ಹೇಳಬೇಕಾದವರಿಗೆ ಹೇಳಿ.

ಮೋಟರಿನ ಪ್ಯಾನೆಲಲ್ಲಿ ಆಂಪಿಯರ್ ಮೀಟರ್ ಇದ್ದವರು ಅದನ್ನು ಒಮ್ಮೆ ನೋಡುದು ಒಳ್ಳೇದು. ಯಾವತ್ತೂ 9 ತೋರಿಸ್ತಿದ್ದದ್ದು ಈಗ 10, 11 ತೋರಿಸಿದ್ರೆ, ಮೇಲೆ ನೀರು ಬರುದು ಮಾತ್ರ ಕಮ್ಮಿ ಆದ್ರೆ, ಪೈಪು ದೊಡ್ಡದಾಗಿ ಒಡೆದಿರುವ ಸಾಧ್ಯತೆ ಜಾಸ್ತಿ, ಯಾಕಂದ್ರೆ ಮೇಲಿನ ಒತ್ತಡ ಕಮ್ಮಿಯಾಗಿ ಪಂಪು ಜಾಸ್ತಿ ನೀರು ದೂಡ್ತದೆ, ಲೋಡು ಏರ್ತದೆ. ಅದೇ ಆಂಪಿಯರೂ ಕಮ್ಮಿ ನೀರೂ ಕಮ್ಮಿ ಅಂತಾದ್ರೆ ಡೆಲಿವರಿ ಲೈನಲ್ಲಿ (ಪಂಪಿಂದ ಮೇಲೆ ಹೋಗುವ ಪೈಪಲ್ಲಿ) ಲೀಕು ಅಂತ ಬೈಯ್ಬೇಡಿ. ಹೆಚ್ಚಾಗಿ ಅದು ಸಕ್ಷನಲ್ಲಿ, ಅಂದ್ರೆ ಕೆರೆಯಿಂದ ಪಂಪಿಗೆ ನೀರು ಎಳೆಯುವ ಪೈಪಲ್ಲಿ, ಗಾಳಿ ಎಳೀತಾ ಇರ್ತದೆ, ಅದರ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿರ್ತದೆ, ಇಲ್ಲಾ ಕೆರೆಯ ನೀರೇ ಕೆಳಗೆ ಹೋಗಿರ್ತದೆ. ಜೆಟ್ಟು ಕೆಮ್ಮಿದ ಹಾಗೆ ಗಾಳಿ ಉಗುಳಿದ್ರೆ ಅದೂ ಸಕ್ಷನಿನ ಲಕ್ಷಣವೇ.

ಗುಡ್ಡ ಹತ್ತುವ ಲೈನು: ತೂತು ಎಷ್ಟು ಎತ್ತರದಲ್ಲಿ ಉಂಟು ಅಂತ ನೀರೇ ಹೇಳ್ತದೆ

ನಾನು ಮುಖ್ಯವಾಗಿ ಹೇಳ್ಲಿಕ್ಕೆ ಹೊರಟದ್ದು ಇದನ್ನೇ, ಬಾಕಿದ್ದೆಲ್ಲ ಯಾವ ಪ್ಲಂಬರನ್ನು ಕೇಳಿದ್ರೂ ಹೇಳ್ತಾರೆ. ಕೆಳಗೆ ಕೆರೆ, ಮೇಲೆ ಗುಡ್ಡೆ ತಲೆಯಲ್ಲಿ ಟ್ಯಾಂಕ್, ನಡುವೆ ಮಣ್ಣಡಿಯಲ್ಲಿ ಎರಡಿಂಚಿನ ಪಿವಿಸಿ. ಮೋಟರ್ ನಿಲ್ಲಿಸಿದ ಮೇಲೆ ಕೆಳಗಿನ ಎನ್‌ಆರ್‌ವಿ (ನೀರನ್ನು ವಾಪಸ್ ಬಿಡದ ವಾಲ್ವ್) ನೀರನ್ನು ಹಿಡ್ಕೊಳ್ತದೆ, ಪೈಪು ತುಂಬ ನೀರು ನಿಲ್ತದೆ. ನಡುವಲ್ಲಿ ಎಲ್ಲಾದ್ರೂ ತೂತಿದ್ರೆ ಆ ತೂತಿಂದ ಮೇಲಿನ ನೀರೆಲ್ಲ ನಿಧಾನಕ್ಕೆ ಸೋರಿ ಹೋಗಿ, ನೀರಿನ ಮಟ್ಟ ಸರಿಯಾಗಿ ತೂತಿನ ಎತ್ತರಕ್ಕೆ ಬಂದು ನಿಲ್ತದೆ. ತೂತಿಂದ ಕೆಳಗಿನ ನೀರು ಎಲ್ಲಿಗೂ ಹೋಗುದಿಲ್ಲ. ಹಾಗಾದ್ರೆ ಪೈಪೊಳಗೆ ನೀರು ಎಲ್ಲಿವರೆಗೆ ನಿಂತಿದೆ ಅಂತ ಗೊತ್ತಾದ್ರೆ ಸಾಕು, ಅದನ್ನು ಹೇಳುದು ಪ್ರೆಶರ್ ಗೇಜು. 10 ಮೀಟರ್ ಎತ್ತರದ ನೀರಿಗೆ ಗೇಜಲ್ಲಿ 1 ಕೆ.ಜಿ., ಇಷ್ಟೇ ಲೆಕ್ಕ. ಗೇಜಲ್ಲಿ ಪಿಎಸ್‌ಐ ಮಾತ್ರ ಇದ್ರೆ 10 ಪಿಎಸ್‌ಐಗೆ 7 ಮೀಟರ್ ಅಂತ ಹಿಡೀರಿ.

ಮಾಡುದು ಹೇಗೆ ಅಂದ್ರೆ, ಎನ್‌ಆರ್‌ವಿಯ ಮೇಲ್ಭಾಗದಲ್ಲಿ ಪೈಪಿಗೆ ಅರ್ಧ ಇಂಚಿನ ಒಂದು ಟೀ ಕೂರಿಸಿ ಗೇಜು ಹಾಕಿ. 0ರಿಂದ 10 ಕೆ.ಜಿ.ಯ ಗೇಜು ತರಬೇಡಿ, ಅದ್ರಲ್ಲಿ ಒಂದು ಸಣ್ಣ ಗೆರೆ ಅಂದ್ರೇ 2 ಮೀಟರ್ ಆಗ್ತದೆ, ನಿಮ್ಮ ಎತ್ತರಕ್ಕೆ ಸರಿಯಾಗಿ 4 ಕೆ.ಜಿ.ಯದ್ದೋ 6 ಕೆ.ಜಿ.ಯದ್ದೋ ತನ್ನಿ, ಮುಖ ದೊಡ್ಡದಿದ್ದಷ್ಟೂ ಒಳ್ಳೇದು. ಟ್ಯಾಂಕಿಗೆ ನೀರು ಬೀಳುವ ತನಕ ಮೋಟರ್ ಓಡಿಸಿ ನಿಲ್ಲಿಸಿ. ನಿಲ್ಲಿಸಿದ ಕೂಡ್ಲೆ ಮುಳ್ಳು ಮೇಲೆ ಕೆಳಗೆ ಕುಣೀತದೆ, ಅದು ನೀರಿನ ಹೊಡೆತ, ಕುಣಿತ ನಿಂತ ಮೇಲಿನ ಅಂಕಿ ಬರ್ಕೊಳ್ಳಿ. ಅದು ಪೈಪು ತುದಿವರೆಗೆ ತುಂಬಿದಾಗಿನ ಪ್ರೆಶರ್. ಆಮೇಲೆ ಎನ್‌ಆರ್‌ವಿಯ ಹತ್ರ ಗೇಟ್ ವಾಲ್ವ್ ಇದ್ರೆ ಅದನ್ನೂ ಬಂದ್ ಮಾಡಿ ಬಿಟ್ಟು ಹೋಗಿ. ಲೀಕು ದೊಡ್ಡದಾದ್ರೆ ಅರ್ಧ ಗಂಟೆಯಲ್ಲಿ ಮುಳ್ಳು ಇಳಿದು ಒಂದು ಕಡೆ ನಿಲ್ತದೆ, ಸಣ್ಣದಾದ್ರೆ ರಾತ್ರಿ ಇಡೀ ಬೇಕು, ಯಾಕಂದ್ರೆ ಮಟ್ಟ ತೂತಿನ ಹತ್ರ ಬಂದ ಹಾಗೆ ದೂಡುವ ಒತ್ತಡವೇ ಇರುದಿಲ್ಲ, ಕೊನೆಯ ಒಂದು ಮೀಟರ್ ಇಳೀಲಿಕ್ಕೆ ಮೊದಲಿನ ಹತ್ತು ಮೀಟರಿಗಿಂತ ಜಾಸ್ತಿ ಹೊತ್ತು ಹೋದ್ರೂ ಹೋದೀತು. ಗಡಿಬಿಡಿ ಮಾಡಿದ್ರೆ ನಿಜವಾದ ತೂತಿಗಿಂತ ಮೇಲೆ ಅಗೀತೀರಿ.

ಎರಡು ಅಂಕಿಯ ವ್ಯತ್ಯಾಸ ಮುಖ್ಯ, ಬರೀ ಎರಡನೆಯ ಅಂಕಿ ಅಲ್ಲ. ಅಂಗಡಿಯ ಗೇಜು ಖಾಲಿ ಇರುವಾಗಲೂ ಒಂದೊಂದ್ಸಲ 0.1, 0.2 ತೋರಿಸ್ತದೆ, ವ್ಯತ್ಯಾಸ ತೆಗ್ದಾಗ ಆ ಸುಳ್ಳು ತಾನಾಗಿ ಕಳೆದು ಹೋಗ್ತದೆ.

ನಮ್ಮ ನೆರೆಕರೆಯ ಒಬ್ರು ಮಾವನ ತೋಟದಲ್ಲಿ ತುಂಬಿದಾಗ 3.2 ಇತ್ತು, ಮಾರನೆ ದಿನ ಬೆಳಿಗ್ಗೆ 1.9ರಲ್ಲಿ ಮುಳ್ಳು ಅಲ್ಲಾಡದೆ ನಿಂತಿತ್ತು. ವ್ಯತ್ಯಾಸ 1.3, ಅಂದ್ರೆ ಟ್ಯಾಂಕಿಗೆ ಬೀಳುವ ಪೈಪಿನ ಬಾಯಿಂದ 13 ಮೀಟರ್ ಕೆಳಗೆ ತೂತು. ಅವ್ರು ಅಷ್ಟ್ರಲ್ಲಿ ತೋಟದ ಅಂಚಿನ ಬರೆಯ ಬುಡದಲ್ಲಿ, ಅಂದ್ರೆ ಇನ್ನೂ ತುಂಬ ಕೆಳಗೆ, ಕೆಲಸದವರನ್ನು ನಿಲ್ಲಿಸಿ ಅಗೆಸ್ಲಿಕ್ಕೆ ಹೊರಟಿದ್ರು. "ನೀರು ಇಲ್ಲಿ ಒಸರ್ತಾ ಉಂಟು, ನೀನು ಮೇಲೆ ಗುಡ್ಡೆ ಹತ್ತುದೆಂತಕ್ಕೆ?" ಅಂತ ಕೇಳಿದ್ರು. ಕೇಳಿದ್ದು ತಪ್ಪಲ್ಲ, ಕಣ್ಣಿಗೆ ಕಾಣುದು ಅದೇ ತಾನೆ. ಮೇಸ್ತ್ರಿಗಳು ಮನೆಯ ಪಂಚಾಂಗದ (ಅಡಿಪಾಯದ) ಮಟ್ಟ ನೋಡುವ ಪಾರದರ್ಶಕ ಟ್ಯೂಬು, 10 ಮೀಟರಿನದ್ದು, ಅದಕ್ಕೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿ, ಒಬ್ಬ ಟ್ಯಾಂಕಿನ ಪೈಪಿನ ಬಾಯಿಗೆ ಒಂದು ತುದಿ ಹಿಡಿದ, ಇನ್ನೊಬ್ಬ ಪೈಪು ಹೋದ ದಾರಿಯಲ್ಲೇ ಇಳಿದು ಅಡಿಕೆ ಸಲಕೆಯನ್ನು (ಅಡಿಕೆ ಮರ ಸೀಳಿದ ಪಟ್ಟಿಯನ್ನು) ನೆಟ್ಟಗೆ ನಿಲ್ಲಿಸಿ ನೀರಿನ ಮಟ್ಟ ಸಲಕೆಯಲ್ಲಿ ಎಲ್ಲಿಗೆ ಬರ್ತದೆ ಅಂತ ಗುರ್ತು ಹಾಕಿದ. ಸಲಕೆಯ ಬುಡದಿಂದ ಆ ಗುರ್ತಿಗೆ 1.8 ಮೀಟರ್ ಬಂದ್ರೆ ಸಲಕೆಯ ಬುಡ ಅಷ್ಟು ಕೆಳಗೆ ಉಂಟು ಅಂತ ಲೆಕ್ಕ. ಮತ್ತೆ ಆ ಬುಡದಿಂದ ಮುಂದಿನದ್ದು. ಕೂಡಿಸ್ತಾ ಕೂಡಿಸ್ತಾ 13 ಮೀಟರ್ ಬಂದದ್ದು ಗುಡ್ಡೆಗೆ ಜೀಪ್ ಹತ್ತುವ ಮಣ್ಣುದಾರಿ ಪೈಪನ್ನು ದಾಟುವಲ್ಲಿ. ಮೇಲೆ ಒಣಕಲು ಧೂಳು, ಒಂದು ಹುಲ್ಲು ಸಹ ಇಲ್ಲ. ಎರಡಡಿ ಕೆಳಗೆ ಪೈಪು ಒಂದು ಮುರಕಲ್ಲಿನ ಮೂಲೆಯ ಮೇಲೆ ಕೂತು, ಮೇಲಿಂದ ಜೀಪಿನ ಭಾರ ಬಿದ್ದು ಬಿದ್ದು, ಅಡಿಭಾಗದಲ್ಲಿ ಉದ್ದಕ್ಕೆ ಕೂದಲಿನ ಹಾಗೆ ಸೀಳಿತ್ತು. ಕೆಳಗಿನ ಕಲ್ಲು ನೀರು ಕುಡಿದು ಕಪ್ಪಾಗಿತ್ತು, ಅಲ್ಲಿಂದ ನೀರು ಎಲ್ಲಿ ಹೋಗಿ ಯಾವ ದಾರಿಯಲ್ಲಿ ಬರೆಯ ಬುಡಕ್ಕೆ ಬಂತೋ ಅದು ಆ ಗುಡ್ಡೆಗೇ ಗೊತ್ತು.

ಈ ಕ್ರಮ ಕೈಕೊಡುವ ಜಾಗಗಳೂ ಉಂಟು, ಅದನ್ನೂ ಹೇಳ್ಬೇಕು. ಮುಳ್ಳು ಇಳಿದು ಇಳಿದು ಸೊನ್ನೆಗೇ ಬಂದ್ರೆ ತೂತು ಗೇಜಿನ ಹತ್ರವೇ ಉಂಟು, ಇಲ್ಲಾ ಎನ್‌ಆರ್‌ವಿ ನೀರನ್ನು ಕೆಳಗೆ ಬಿಡ್ತಾ ಉಂಟು. ಅದಕ್ಕೇ ಗೇಟ್ ವಾಲ್ವ್ ಬಂದ್ ಮಾಡಿ ಅಂದದ್ದು, ಅದಿಲ್ಲದ್ರೆ ಕೆರೆಯ ಕಡೆ ನೀರು ವಾಪಸ್ ಇಳಿಯುವ ಸದ್ದು ಬರ್ತದಾ ಅಂತ ಕಿವಿ ಕೊಟ್ಟು ನೋಡಿ. ಟ್ಯಾಂಕಿನೊಳಗೆ ಡೆಲಿವರಿ ಪೈಪಿನ ಬಾಯಿ ನೀರಲ್ಲಿ ಮುಳುಗಿದ್ರೆ ಅದು ಟ್ಯಾಂಕಿನ ನೀರನ್ನೇ ಹಿಂದಕ್ಕೆ ಎಳೀತದೆ, ಗೇಜು ಇಳಿಯುದೇ ಇಲ್ಲ, ನೀವು ಲೀಕೇ ಇಲ್ಲ ಅಂತ ಖುಷಿ ಪಡ್ತೀರಿ, ಟ್ಯಾಂಕು ಖಾಲಿ ಆಗ್ತಾ ಇರ್ತದೆ. ಬಾಯಿ ನೀರಿಂದ ಮೇಲೆ ಇರ್ಬೇಕು, ಗಾಳಿ ಒಳಗೆ ಹೋಗ್ಬೇಕು. ಪೈಪು ಒಂದೇ ಸಮ ಹತ್ತದೆ ನಡುವೆ ಒಂದು ತಗ್ಗಿಗೆ ಇಳಿದು ಮತ್ತೆ ಹತ್ತುದಾದ್ರೆ ಒಂದೇ ಎತ್ತರಕ್ಕೆ ಎರಡು ಮೂರು ಜಾಗ ಸಿಕ್ಕೀತು, ಒಳಗೆ ಗಾಳಿ ಸಿಕ್ಕಿ ಲೆಕ್ಕವೂ ತಪ್ಪೀತು, ಅಲ್ಲಿ ಗೇಜನ್ನು ಪೂರ್ತಿ ನಂಬಬೇಡಿ. ಎರಡು ತೂತಿದ್ರೆ ಮುಳ್ಳು ಮೊದಲು ಜೋರಾಗಿ ಇಳಿದು ನಡುವೆ ಒಮ್ಮೆಲೆ ನಿಧಾನ ಆಗ್ತದೆ, ಆ ನಿಧಾನ ಆದ ಅಂಕಿ ಮೇಲಿನ ತೂತು, ಕೊನೆಗೆ ನಿಂತದ್ದು ಕೆಳಗಿನ ತೂತು. ಹತ್ತು ಹತ್ತು ನಿಮಿಷಕ್ಕೆ ಮೊಬೈಲಲ್ಲಿ ಗೇಜಿನ ಫೋಟೋ ತೆಗ್ದಿಟ್ರೆ ಟೈಮು ಸಮೇತ ಸಿಕ್ತದೆ.

ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರದಲ್ಲಿ 13 ಮೀಟರ್ ಅಳೀಲಿಕ್ಕೆ ಹೋಗ್ಬೇಡಿ. ಅದು ನಿಂತಲ್ಲೇ ಹತ್ತು ಮೀಟರ್ ಆಚೀಚೆ ಹೇಳ್ತದೆ.

ಟ್ಯಾಂಕಿಂದ ಕೆಳಗೆ ಇಳಿಯುವ ಲೈನಿಗೂ ಇದೇ ಕ್ರಮ. ಮೇಲೆ ಔಟ್‌ಲೆಟ್ ಬಂದ್ ಮಾಡಿ, ಅದರ ಕೆಳಗೆ ಗಾಳಿ ಹೋಗ್ಲಿಕ್ಕೆ ಎಲ್ಲಾದ್ರೂ ಒಂದು ಕಡೆ ಬಿಚ್ಚಿಟ್ಟು, ಅತೀ ತಗ್ಗಿನ ಜೆಟ್ಟಿನ ಜಾಗದಲ್ಲಿ ಗೇಜು ಹಾಕಿದ್ರೆ ಆಯ್ತು.

ಸಮತಟ್ಟು ತೋಟದಲ್ಲಿ

ಗದ್ದೆ ಹೋಗಿ ತೋಟ ಆದ ಜಾಗಗಳಲ್ಲಿ ಎತ್ತರದ ಆಟ ನಡೆಯುದಿಲ್ಲ, ಎಲ್ಲ ಒಂದೇ ಮಟ್ಟ. ಅಲ್ಲಿ ಅರ್ಧ ಅರ್ಧ ಮಾಡ್ತಾ ಹೋಗುದೇ ದಾರಿ. ಎಲ್ಲ ಜೆಟ್ಟಿನ ಲೈನು ಬಂದ್ ಮಾಡಿ ಮೇನ್ ಲೈನಲ್ಲಿ ನೀರು ನಿಲ್ಲಿಸಿ ಗೇಜು ನೋಡಿ. ಇಳೀಲಿಲ್ವಾ, ಮೇನ್ ಸರಿ ಉಂಟು. ಆಮೇಲೆ ಒಂದೊಂದೇ ಲೈನಿನ ವಾಲ್ವ್ ತೆಗ್ದು ತುಂಬಿಸಿ ನೋಡಿ, ಯಾವುದು ತೆಗ್ದಾಗ ಮುಳ್ಳು ಇಳೀತದೋ ಕಳ್ಳ ಅಲ್ಲಿ. ಮೇನ್ ಲೈನೇ ಲೀಕು, ನಡುವೆ ವಾಲ್ವೂ ಇಲ್ಲ ಅಂತಾದ್ರೆ ಸರೀ ನಡುವಲ್ಲಿ ಒಂದೇ ಒಂದು ಕಡೆ ಅಗೆದು ಪೈಪು ಕೊಯ್ದು ಬಾಲ್ ವಾಲ್ವ್ ಕೂರಿಸಿ. ವಾಲ್ವಿಗೆ ಆಗುವ ಖರ್ಚು ಎರಡು ಆಳಿನ ಸಂಬಳಕ್ಕಿಂತ ಕಮ್ಮಿ, ಮುಂದಿನ ಸಲಕ್ಕೂ ಬರ್ತದೆ.

ಲೀಕು ದೊಡ್ಡದಿದ್ರೆ ಇನ್ನೊಂದು ಉಪಾಯ ಉಂಟು. ಜೆಟ್ಟೆಲ್ಲ ಬಂದ್, ಮೋಟರ್ ಓಡ್ತಾ ಇರ್ಬೇಕು, ಒಂದೇ ಗೇಜನ್ನು ಮೇನ್ ಲೈನಿನ ಉದ್ದಕ್ಕೆ ಬೇರೆ ಬೇರೆ ಜೆಟ್ಟಿನ ಜಾಗದಲ್ಲಿ ಹಾಕಿ ನೋಡ್ತಾ ಹೋಗಿ. ಪಂಪಿಂದ ತೂತಿನವರೆಗೆ ನೀರು ಓಡ್ತಾ ಇರುದ್ರಿಂದ ಪ್ರೆಶರ್ ಸ್ವಲ್ಪ ಸ್ವಲ್ಪವೇ ಕಮ್ಮಿ ಆಗ್ತಾ ಬರ್ತದೆ, ತೂತಿಂದ ಆಚೆ ನೀರು ಓಡುದೇ ಇಲ್ಲ, ಹಾಗಾಗಿ ಅಲ್ಲಿಂದ ತುದಿವರೆಗೆ ಒಂದೇ ಅಂಕಿ. 2.4, 2.2, 2.0, 1.9, 1.9, 1.9 ಹೀಗೆ ಬಂದ್ರೆ 2.0ಕ್ಕೂ ಮೊದಲನೆಯ 1.9ಕ್ಕೂ ನಡುವೆ ಎಲ್ಲೋ, ಇಲ್ಲಾ ಆ 1.9ರ ಬುಡದಲ್ಲೇ. ಹನಿ ಲೀಕಿಗೆ ಇದು ಆಗುದಿಲ್ಲ, ವ್ಯತ್ಯಾಸ ಗೇಜಿಗೆ ಕಾಣುದಿಲ್ಲ.

ಸುರಂಗದ ನೀರು ತರುವ ಲೈನು

ಗುಡ್ಡದೊಳಗೆ ಅಡ್ಡ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುವ ಲೈನು ಇದು, ಇದ್ರಲ್ಲಿ ಪ್ರೆಶರೇ ಇರುದಿಲ್ಲ, ಗೇಜು ಬೇಡ, ಒಂದು ಬಕೆಟ್ಟು ಸಾಕು. ಸುರಂಗದ ಬಾಯಲ್ಲಿ ಪೈಪಿಗೆ ಹೋಗುವ ನೀರಿಗೆ ಬಕೆಟ್ ಹಿಡಿದು ತುಂಬ್ಲಿಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, ಮನೆಯ ಹತ್ರ ಬೀಳುವಲ್ಲಿ ಅದೇ ಬಕೆಟ್ ಹಿಡೀರಿ. ಮೇಲೆ 40 ಸೆಕೆಂಡ್ ಕೆಳಗೆ 60 ಸೆಕೆಂಡ್ ಅಂತಾದ್ರೆ ಮೂರರಲ್ಲಿ ಒಂದು ಪಾಲು ದಾರೀಲಿ ಹೋಗ್ತಾ ಉಂಟು. ಆದ್ರೆ ಮೇಲೆ ಪೈಪಿನ ಬಾಯಲ್ಲೇ ನೀರು ತುಂಬಿ ಹೊರಗೆ ಚೆಲ್ತಾ ಇದ್ರೆ ಅದು ಲೀಕಲ್ಲ, ಒಳಗೆ ಗಾಳಿ ಕಟ್ಟಿದೆ ಇಲ್ಲಾ ಬೇರು ಹೊಕ್ಕಿದೆ. ಎರಡಕ್ಕೂ ಕೆಳಗೆ ಕಾಣುವ ಲಕ್ಷಣ ಒಂದೇ, ನೀರು ಕಮ್ಮಿ ಬರುದು, ಅದಕ್ಕೇ ಎಷ್ಟೋ ಜನ ಇಲ್ಲದ ಲೀಕು ಹುಡುಕಿ ಸುಸ್ತಾಗುದು. ಕಪ್ಪು ಪೈಪಿನ ಲೈನಾದ್ರೆ ನಡುವಿನ ಕಪ್ಲಿಂಗ್ ಒಂದನ್ನು ಬಿಚ್ಚಿ ಅಲ್ಲಿ ಬಕೆಟ್ ಹಿಡಿದ್ರೆ ಅರ್ಧ ಲೈನಿನ ಲೆಕ್ಕ ಸಿಕ್ತದೆ.

ಕಿವಿ ಕೊಟ್ಟು ಕೇಳುದು

ಇದಕ್ಕೆ ಜನ ಕೊಡುವ ಬೆಲೆ ಸ್ವಲ್ಪ ಜಾಸ್ತಿಯೇ ಆಯ್ತು ಅಂತ ನನ್ನ ಅಭಿಪ್ರಾಯ. ಹಳೆ ಜಿಐ (ಕಬ್ಬಿಣದ) ಪೈಪಲ್ಲಿ ಲೀಕಿನ ಸುಯ್ ಅನ್ನುವ ಸದ್ದು ದೂರದವರೆಗೆ ಹೋಗ್ತದೆ, ವಾಲ್ವಿಗೆ ಉದ್ದದ ಸ್ಕ್ರೂಡ್ರೈವರ್ ಮುಟ್ಟಿಸಿ ಹಿಡಿಯನ್ನು ಕಿವಿಗಿಟ್ರೆ ಸ್ಪಷ್ಟ ಕೇಳ್ತದೆ. ಪಿವಿಸಿ ಸದ್ದನ್ನು ನುಂಗ್ತದೆ, ಸ್ವಲ್ಪ ದೂರಕ್ಕೇ ಸದ್ದು ಸತ್ತು ಹೋಗ್ತದೆ, ಉಳಿಯುದು ಗುಂಯ್ ಅನ್ನುವ ತಗ್ಗು ಸದ್ದು ಮಾತ್ರ. ಆದ್ರೂ ರಾತ್ರಿ ಹೊತ್ತು, ಲೈನಲ್ಲಿ ಪ್ರೆಶರ್ ಇಟ್ಟು, ಒಂದೊಂದು ಜೆಟ್ಟಿನ ಕಡ್ಡಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳ್ತಾ ಹೋದ್ರೆ ಯಾವ ಎರಡು ಕಡ್ಡಿಯಲ್ಲಿ ಸದ್ದು ಜಾಸ್ತಿ ಉಂಟೋ ಅದರ ನಡುವೆ ಅಂತ ಅಂದಾಜು ಮಾಡ್ಬಹುದು. ಗೇಜಲ್ಲಿ ಎತ್ತರ ಸಿಕ್ಕಿದ ಮೇಲೆ ಸರಿಯಾದ ಜಾಗ ಹಿಡೀಲಿಕ್ಕೆ ಕಿವಿ ಒಳ್ಳೇದು, ಮೊದಲೇ ಕಿವಿ ನಂಬಿ ಹೊರಟ್ರೆ ಇಡೀ ಗುಡ್ಡೆ ಸುತ್ತಬೇಕಾದೀತು.

ಪೇಟೆಯಲ್ಲಿ ಮೆಷಿನ್ ತರುವವರೂ ಇದ್ದಾರೆ. ಹೆಡ್‌ಫೋನ್ ಹಾಕಿ ನೆಲದ ಮೇಲೆ ಮೈಕ್ ಇಟ್ಟು ಕೇಳುದು ಒಂದು, ಪೈಪಿನ ಎರಡು ತುದಿಯಲ್ಲಿ ಸೆನ್ಸರ್ ಇಟ್ಟು ಸದ್ದು ಎಷ್ಟು ಹಿಂದೆ ಮುಂದೆ ಮುಟ್ತದೆ ಅಂತ ಲೆಕ್ಕ ಹಾಕುದು ಇನ್ನೊಂದು, ಖಾಲಿ ಪೈಪಿಗೆ 5 ಶೇಕಡಾ ಹೈಡ್ರೋಜನ್ ಬಾಕಿ ನೈಟ್ರೋಜನ್ ಸೇರಿದ ಗ್ಯಾಸು ಬಿಟ್ಟು ಎಲ್ಲಿ ಮೇಲೆ ಬರ್ತದೆ ಅಂತ ಮೂಸುವ ಮೆಷಿನು ಮತ್ತೊಂದು. ಇಂಟರ್‌ಲಾಕ್ ಹಾಕಿದ ಜಾಲು, ಟೈಲ್ಸ್ ನೆಲ, ಅಗೆದ್ರೆ ಸಾವಿರಾರು ರೂಪಾಯಿ ಹಾಳು ಅನ್ನುವಲ್ಲಿ ಅವ್ರನ್ನು ಕರ್ಸುದು ಸರಿ. ಅಡಿಕೆ ತೋಟಕ್ಕೆ ಬೇಡ. ಮೊಬೈಲ್ ಆ್ಯಪಲ್ಲಿ ಲೀಕು ಹಿಡೀಬಹುದು ಅನ್ನುವುದಕ್ಕೆ ಟೈಮ್ ಹಾಳು ಮಾಡ್ಬೇಡಿ.

ಮತ್ತೊಂದು ಮಾತು, ಇದು ತಮಾಷೆಗೆ ಅಲ್ಲ: ಟಯರ್ ಅಂಗಡಿಯ ಕಂಪ್ರೆಸರ್ ತಂದು ಪಿವಿಸಿ ಪೈಪಿಗೆ ಗಾಳಿ ತುಂಬಿಸಿ ಪರೀಕ್ಷೆ ಮಾಡುವ ಬುದ್ಧಿವಂತಿಕೆ ಮಾಡ್ಲೇಬೇಡಿ. ಒತ್ತಿ ತುಂಬಿಸಿದ ಗಾಳಿ ಒಡೆದ್ರೆ ನೀರಿನ ಹಾಗೆ ಸುಮ್ಮನೆ ಸೋರುದಿಲ್ಲ, ಪೈಪು ಚೂರು ಚೂರಾಗಿ ಹಾರ್ತದೆ, ಕಣ್ಣು ಹೋದೀತು.

ಮೇಲಿನ ಗುರ್ತುಗಳು

ಗುರ್ತು ಪೂರಾ ಸುಳ್ಳು ಅಂತ ಅಲ್ಲ, ಓದುವ ಕ್ರಮ ಗೊತ್ತಿರ್ಬೇಕು. ಫೆಬ್ರವರಿ ನಂತರ ಎಲ್ಲ ಹುಲ್ಲು ಒಣಗಿರುವಾಗ ಒಂದು ಪಟ್ಟಿ ಮಾತ್ರ ಹಸಿರಿದ್ರೆ ಅದರ ಮೇಲಿನ ತುದಿ ನೋಡಿ, ಕೆಳಗಿನ ತುದಿ ಅಲ್ಲ. ಬೆಳಿಗ್ಗೆ ಎಲ್ಲ ಕಡೆ ಮಂಜಿಂದ ಚಂಡಿ ಇರ್ತದೆ, 11 ಗಂಟೆ ಬಿಸಿಲಿಗೆ ಬಾಕಿ ಎಲ್ಲ ಒಣಗಿದ ಮೇಲೂ ಕಪ್ಪಾಗಿ ಉಳಿಯುವ ಜಾಗ ಯಾವುದು ಅಂತ ನೋಡಿ. ರಾತ್ರಿ ಕಾಡುಹಂದಿ ಒಕ್ಕಿ ಹಾಕಿದ ಜಾಗವನ್ನು ಬೈಯುವ ಮೊದಲು ಒಮ್ಮೆ ಗಮನಿಸಿ, ಬೇಸಗೆಯಲ್ಲಿ ಅದು ಎರೆಹುಳ ಹುಡುಕಿ ಹಸಿ ಮಣ್ಣನ್ನೇ ಒಕ್ಕುದು. ಕಣಿಯ ಬದುವಲ್ಲಿ ಏಡಿ ಬಿಲದಿಂದ ನೀರು ಬರ್ತಾ ಇದ್ರೆ ಬಿಲದ ಇನ್ನೊಂದು ಬಾಯಿ ಎಲ್ಲಿ ಉಂಟು ಅಂತ ನೋಡದೆ ಪೈಪಿಗೆ ಕೈ ಹಾಕ್ಬೇಡಿ.

ನಮ್ಮ ಕಡೆಯ ದೊಡ್ಡ ಗೊಂದಲ ಅಂದ್ರೆ ಒರತೆ. ತೋಡಿಗೆ ಕಟ್ಟ ಕಟ್ಟಿದ ಮೇಲೆ ಸುತ್ತಲಿನ ನೆಲದಲ್ಲಿ ನೀರಿನ ಮಟ್ಟ ಏರ್ತದೆ, ಮೊದಲು ಒಣಗಿದ್ದ ಕಣಿಯಲ್ಲಿ ಒಸರು ಶುರು ಆಗ್ತದೆ, ಅದನ್ನು ಲೀಕು ಅಂತ ತಿಳ್ಕೊಂಡವರಿದ್ದಾರೆ. ಪರೀಕ್ಷೆ ಸುಲಭ: ಲೈನನ್ನು ಪೂರ್ತಿ ಖಾಲಿ ಮಾಡಿ ಎರಡು ದಿನ ಬಿಟ್ಟಾಗ ಒಸರು ಕಮ್ಮಿ ಆಗ್ತದಾ? ಆಗದಿದ್ರೆ ಅದು ಪೈಪಿನ ನೀರಲ್ಲ. ಲೈನಿಗೆ ಬೋರಿನ ನೀರು ಬಿಡುವವರು ಕುಡಿಯುವ ನೀರಿನ ಟಿಡಿಎಸ್ (ಕರಗಿದ ಲವಣ) ನೋಡುವ ಪೆನ್ನಿನ ಹಾಗಿರುವ ಮೀಟರ್ ಇಟ್ಟು ಎರಡೂ ನೀರನ್ನು ನೋಡ್ಬಹುದು, ಮುರಕಲ್ಲಿನ ಒರತೆಯಲ್ಲಿ ಅಂಕಿ ತೀರಾ ಕಮ್ಮಿ, ಬೋರಿನದ್ದು ಸಾಧಾರಣವಾಗಿ ಜಾಸ್ತಿ ಇರ್ತದೆ. ಟ್ಯಾಂಕಿಗೆ ಬಣ್ಣ ಹಾಕುವವರೂ ಇದ್ದಾರೆ, ಆದ್ರೆ ನಮ್ಮ ಕೆಂಪು ಮಣ್ಣಲ್ಲಿ ಹಾದು ಬರುವಾಗ ಬಣ್ಣ ಉಳಿಯುದು ಕಷ್ಟ.

ಒಡೆಯುದು ಹೆಚ್ಚಾಗಿ ಎಲ್ಲಿ

ಎತ್ತರ ಸಿಕ್ಕಿದ ಮೇಲೆ ಆ ಆಸುಪಾಸಲ್ಲಿ ಮೊದಲು ಯಾವುದನ್ನು ಅಗೆಯುದು? ಎಲ್ಬೋ, ಟೀ, ರೆಡ್ಯೂಸರ್, ಎಂಡ್ ಕ್ಯಾಪ್. ನೀರು ತಿರುಗುವಲ್ಲಿ ಮತ್ತು ನಿಲ್ಲುವಲ್ಲಿ ದೂಡುವ ಬಲ ಇರ್ತದೆ, ಹಿಂದೆ ಕಾಂಕ್ರೀಟಿನ ಆಧಾರ ಇಲ್ಲದಿದ್ರೆ ಪ್ರತೀ ಸಲ ಮೋಟರ್ ಹಾಕುವಾಗ ಸ್ವಲ್ಪ ಸ್ವಲ್ಪ ಅಲ್ಲಾಡಿ ಅಂಟು ಬಿಟ್ಕೊಳ್ತದೆ. ಎಂ.ಟಿ.ಎ. (ಥ್ರೆಡ್ಡಿರುವ ಪಿವಿಸಿ ಜೋಡಣೆ) ಹಾಕಿ ಕಬ್ಬಿಣದ ವಾಲ್ವಿಗೆ ಸೇರಿಸಿದ ಕಡೆ, ಥ್ರೆಡ್ಡಿನ ಬುಡದಲ್ಲಿ ಸೀಳುದು ಸಾಮಾನ್ಯ. ಸೋಗೆ ಮಡಲು ಉರಿಸಿ ಪೈಪಿನ ತುದಿ ಬಿಸಿ ಮಾಡಿ ಅಗಲಿಸಿ ಒಂದಕ್ಕೊಂದು ತುರುಕಿದ ಜಾಯಿಂಟ್, ಒಂದು ಕಪ್ಲಿಂಗಿನ ದುಡ್ಡು ಉಳಿಸ್ಲಿಕ್ಕೆ ಮಾಡಿದ್ದು, ಅಲ್ಲಿ ಪೈಪಿನ ದಪ್ಪ ತೆಳು ಆಗಿರ್ತದೆ, ಅದೂ ಸಂಶಯದ ಪಟ್ಟಿಯಲ್ಲಿ ಮೇಲೆಯೇ ಇರ್ಲಿ. ಕೆಳಗಿನ ಭಾಗಕ್ಕೆ 4 ಕೆ.ಜಿ. ಪೈಪು ಹಾಕಿದ್ದಾರಾ ಅಂತ ಪೈಪಿನ ಮೇಲಿನ ಪ್ರಿಂಟ್ ಓದಿ. 32 ಮೀಟರ್ ಎತ್ತರಕ್ಕೆ ನಿಂತ ನೀರಿಗೇ 3.2 ಕೆ.ಜಿ. ಆಯ್ತು, ಮೋಟರ್ ಓಡುವಾಗ ಅದಕ್ಕಿಂತ ಜಾಸ್ತಿ, ಕರೆಂಟ್ ಒಮ್ಮೆಲೆ ಹೋಗಿ ನೀರು ವಾಪಸ್ ಬಂದು ಎನ್‌ಆರ್‌ವಿಗೆ ಬಡಿಯುವಾಗ ಇನ್ನೂ ಜಾಸ್ತಿ, 4 ಕೆ.ಜಿ. ಪೈಪು ಎಷ್ಟೂಂತ ತಡ್ಕೊಳ್ತದೆ. ಕೆಳಗಿನ ಅರ್ಧಕ್ಕೆ 6 ಕೆ.ಜಿ.ಯದ್ದು ಹಾಕ್ಬೇಕು, ಮೇಲಿನ ಅರ್ಧಕ್ಕೆ 4 ಸಾಕಾದೀತು.

ಮಳೆಗಾಲ ಇಡೀ ಲೈನು ಸುಮ್ಮನೆ ಬಿದ್ದಿರ್ತದೆ, ಹೆಗ್ಗಣ ಕಡೀತದೆ, ಬೇರು ಒತ್ತುತದೆ, ಅದಕ್ಕೇ ಡಿಸೆಂಬರಲ್ಲಿ ಮೊದಲ ನೀರು ಬಿಡುವಾಗಲೇ ಲೀಕುಗಳ ಸುಗ್ಗಿ. ಆಗಲೇ ಒಮ್ಮೆ ಗೇಜು ಹಾಕಿ ನೋಡಿಟ್ರೆ ಮಾರ್ಚಿಗೆ ಓಡಾಟ ಕಮ್ಮಿ.

ಅಗೆದ ಮೇಲೆ

ಪೈಪಿನ ಅಂದಾಜು ಸಿಕ್ಕಿದ ಮೇಲೆ ಪಿಕ್ಕಾಸು ಬದಿಗಿಟ್ಟು ಕೈಯಲ್ಲೇ ಮಣ್ಣು ಬಿಡಿಸಿ. ತೂತು ಕಂಡ ಕೂಡ್ಲೆ ಸೈಕಲ್ ಟ್ಯೂಬ್ ಸುತ್ತಿ ಮುಚ್ಚುದು ಒಂದು ವಾರದ ಮದ್ದು ಅಷ್ಟೆ. ಒಡೆದ ಭಾಗವನ್ನು ಎರಡೂ ಕಡೆ ಒಂದೊಂದು ಗೇಣು ಜಾಸ್ತಿಯೇ ಕೊಯ್ದು ತೆಗ್ದು, ಹೊಸ ತುಂಡಿಗೆ ಎರಡು ಕಪ್ಲಿಂಗ್ ಹಾಕಿ. ಪೈಪಿನ ಮೈ ಒಣಗಿರ್ಬೇಕು, ಮೇಲಿನ ನೀರು ಹನೀತಾ ಇದ್ರೆ ಅಂಟು ಹಿಡಿಯುದೇ ಇಲ್ಲ, ಬಟ್ಟೆ ತುರುಕಿಯಾದ್ರೂ ಹನಿ ನಿಲ್ಲಿಸಿ. ಸಾಲ್ವೆಂಟ್ ಡಬ್ಬಿ ಮಂದ ಆಗಿದ್ರೆ ಬಿಸಾಡಿ. ಅಂಟಿಸಿದ ಮೇಲೆ ಒಂದು ದಿನ ಪ್ರೆಶರ್ ಬೇಡ. ಅಡಿಯಲ್ಲಿ ಕಲ್ಲಿನ ಮೊನೆ ಇದ್ರೆ ಒಡೆದು ಸಮ ಮಾಡಿ ಹೊಯ್ಗೆ ಹಾಸಿ, ಪೈಪಿನ ಮೇಲೂ ಅರ್ಧ ಅಡಿ ಹೊಯ್ಗೆ ಬೀಳ್ಲಿ, ಕಲ್ಲು ಮಿಶ್ರದ ಮಣ್ಣು ಆಮೇಲೆ. ಜೀಪು ದಾಟುವ ಕಡೆ ದಪ್ಪದ ದೊಡ್ಡ ಪೈಪೊಂದರ ಒಳಗೆ ತೂರಿಸಿ ತಂದ್ರೆ ಭಾರ ಅದರ ಮೇಲೆ ಹೋಗ್ತದೆ.

ಗುಂಡಿ ಮುಚ್ಚುವ ಮೊದಲು ಇನ್ನೊಮ್ಮೆ ಲೈನು ತುಂಬಿಸಿ ರಾತ್ರಿ ಗೇಜು ನೋಡಿ. ತುಂಬಿಸಿದ ಹೊಸದ್ರಲ್ಲಿ ಪಿವಿಸಿ ಸ್ವಲ್ಪ ಹಿಗ್ಗಿ ಮುಳ್ಳು ಚೂರು ಇಳಿಯುದುಂಟು, ಅದಕ್ಕೆ ಹೆದರ್ಬೇಡಿ, ಆಮೇಲೆ ನಿಂತ್ರೆ ಸರಿ. ಒಂದು ತೂತು ಮುಚ್ಚಿದಾಗ ಲೈನಿಗೆ ಪೂರ್ತಿ ಪ್ರೆಶರ್ ಬರ್ತದೆ, ಅಲ್ಲಿಯವರೆಗೆ ಹೇಗೋ ತಡ್ಕೊಂಡಿದ್ದ ಇನ್ನೊಂದು ಹಳೆ ಜಾಯಿಂಟ್ ಆಗ ಬಾಯಿ ಬಿಡ್ತದೆ. ಮುಳ್ಳು ಈ ಸಲ ಬೇರೆ ಅಂಕಿಯಲ್ಲಿ ನಿಂತ್ರೆ ನೀವು ಮಾಡಿದ ರಿಪೇರಿ ಸರಿಯೇ ಉಂಟು, ಟ್ಯೂಬು ಸಲಕೆ ಹಿಡ್ಕೊಂಡು ಹೊಸ ಎತ್ತರಕ್ಕೆ ಹೋಗಿ. ಮೊದಲಿನ ಅಂಕಿಯಲ್ಲೇ ನಿಂತ್ರೆ ಮಾತ್ರ ಅದೇ ಗುಂಡಿಗೆ ಇಳಿದು ಕಪ್ಲಿಂಗಿನ ಅಡಿಭಾಗವನ್ನು ಕೈಯಲ್ಲಿ ಸವರಿ ನೋಡಿ, ಅಂಟು ತಾಗದೆ ಬಿಟ್ಟು ಹೋಗುದು ಹೆಚ್ಚಾಗಿ ಅಲ್ಲೇ.